ಎಣ್ಣೆ ಸವರಿದ ಕಡತ

ನಾನು ಚಿಕ್ಕವನಿದ್ದಾಗ, ಶ್ರೀರಂಗಪಟ್ಟಣದ ಕೋಟೆ ಬಿದ್ದ ವರ್ಷ, ಬೇಸಿಗೆಯ ಒಂದು ಮಧ್ಯಾಹ್ನ, ಹಿರೋಡೆ ದಾಟಿದ ಮೇಲೆ ಸಿಗುವ ಹುಣಸೆಮರದ ಕೆಳಗೆ ಅಪ್ಪನ ಬಲಗಡೆ ನಿಂತಿದ್ದೆ. ಕೋಟೆ ಇನ್ನೂ ಬಿದ್ದಿರಲಿಲ್ಲ. ದಂಡು ಬರುತ್ತದೆಂದು ಗಂಜಾಂನ ಅಕ್ಕಸಾಲಿಗರ ಬೀದಿ ಖಾಲಿಯಾಗುತ್ತಿತ್ತು. ಅಪ್ಪ, ಅಜ್ಜಿ, ಅಕ್ಕ, ನಾನು ಗಾಡಿಯಲ್ಲಿ ದೇವಲಾಪುರದ ನೆಂಟರ ಮನೆಗೆ ಹೊರಟಿದ್ದೆವು.

ಹೊಳೆ ದಾಟುವಾಗ ಮನೆಯ ಬರಹಗಳನ್ನು ಕಟ್ಟಿದ್ದ ಗಂಟಿಗೆ ನೀರು ಸಿಡಿದಿತ್ತು. ಅಪ್ಪ ಅದನ್ನು ಬಿಚ್ಚಿ ನೋಡಿದ. ಮೇಲಿದ್ದ ಹಳೆಯ ಓಲೆಗರಿಗಳು ಚೆನ್ನಾಗಿದ್ದವು. ಕೆಳಗಿದ್ದ ಕಡತವನ್ನು ತೆರೆದವನು ಮಡಿಕೆಗಳನ್ನು ಒಂದೊಂದಾಗಿ ತಿರುವಿದ. ನಾನು ಬಗ್ಗಿ ನೋಡಿದೆ. ಮಡಿಕೆ ಮಡಿಕೆಯೂ ಕಪ್ಪಗೆ ಹೊಳೆಯುತ್ತಿತ್ತು. ಒಂದಕ್ಷರವೂ ಇರಲಿಲ್ಲ.

ಹುಣಸೆಬೀಜದ ಗಂಜಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿ ಮಡಿಸಿದರೆ ಕಡತ. ಅದರ ಮೇಲೆ ಬಿಳಿ ಬಳಪದಿಂದ ಬರೆಯುತ್ತಿದ್ದರು. ತೀರಿಕೊಂಡ ತಾತ ನಮ್ಮ ಮನೆಯ ಸಂಗತಿಗಳನ್ನೆಲ್ಲ ಬರೆದಿಟ್ಟದ್ದು ಅದರಲ್ಲೇ. ತಾತನ ಕೈಬರಹ ಬೇರೆಲ್ಲೂ ಇರಲಿಲ್ಲ.

"ಎಣ್ಣೆ ಸವರಿದ್ಯೇನವ್ವ ಇದ್ಕೆ?" ಅಪ್ಪ ಅಕ್ಕನನ್ನು ಕೇಳಿದ.

"ಓಲೆಗೆ ಸವರ್ತೀವಲ್ಲಪ್ಪ, ಹುಳ ಹಿಡೀದೆ ಇರ್ಲಿ ಅಂತ. ಅಂಗೇ ಇದ್ಕೂ ಒಳ್ಳೇದು ಅನ್ಕೊಂಡೆ." ಅಂದಳು ಅಕ್ಕ. ಓಲೆಯಲ್ಲಿ ಅಕ್ಷರವನ್ನು ಕೊರೆದಿರುತ್ತಾರೆ, ಎಣ್ಣೆಗೆ ಅದು ಎದ್ದು ಕಾಣುತ್ತದೆ. ಬಳಪ ಅಳಿಸಿಹೋಗುತ್ತದೆ. ಅಕ್ಕನ ಅಂಗೈಯಿಂದ ಇನ್ನೂ ಎಣ್ಣೆಯ ವಾಸನೆ ಬರುತ್ತಿತ್ತು.

ಅಪ್ಪ ಕಡತವನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕೂತುಬಿಟ್ಟ. ಗಾಡಿಯಲ್ಲಿದ್ದ ಅಜ್ಜಿ ಇಳಿದು ಬಂದಳು.

"ಎದ್ದೇಳ್ಲಾ. ಒಂದೊಂದು ದಸರಾಗೂ ನೀನು ಇದ್ನ ಓದ್ತಿದ್ದಾಗ ನಾನೇನ್ ಕಿವಿಗೆ ಎಣ್ಣೆ ಬುಟ್ಕೊಂಡ್ ಕೂತಿದ್ನಾ? ಖಾಲಿ ಓಲೆ ತಕ್ಕೊ, ಕೊರ್ಯೋ ಕಂಠ ತಕ್ಕೊ. ನಾನು ಹೇಳ್ತೀನಿ."

ಅಜ್ಜಿ ಹೇಳತೊಡಗಿದಳು. ಅಪ್ಪ ಕಬ್ಬಿಣದ ಕಂಠದಿಂದ ಓಲೆಯ ಮೇಲೆ ಕೊರೆಯುತ್ತ ಹೋದ. ಮನೆ ಕಟ್ಟಿದ್ದು, ಕುಲುಮೆ ಹೂಡಿದ್ದು, ಹೊಳೆ ಉಕ್ಕಿ ಹಿತ್ತಿಲ ಗೋಡೆ ಕುಸಿದದ್ದು. ಎಲ್ಲವೂ ಅಪ್ಪ ಓದಿ ನಾವು ಕೇಳಿದ ಮಾತೇ. ಅಪ್ಪ ಹುಟ್ಟಿದ ಸಾಲು ಬರುವ ಹೊತ್ತಿಗೆ ಅಜ್ಜಿ ತಡೆದು ಹೇಳಿದಳು. "ಅದ್ಕೂ ಮೊದ್ಲು ಒಂದು ಹೆಣ್ಣು ಕೂಸು ಹುಟ್ಟಿತ್ತು. ಉಳೀನಿಲ್ಲ. ಅದ್ನೂ ಬರಿ."

ಕಂಠ ನಿಂತಿತು. "ಕಡತದಲ್ಲಿ ಇದು ಇರ್ಲಿಲ್ವಲ್ಲವ್ವ."

"ಇರ್ನಿಲ್ಲ. ಅದ್ನ ಬರ್ದೋರು ನಿಮ್ಮಪ್ಪ. ಈಗ ಹೇಳ್ತಿರೋಳು ನಾನು."

ಅಜ್ಜಿ ಕೂಸಿನ ಹೆಸರು ಹೇಳಿದಳು. ತನಗೊಬ್ಬ ಅಕ್ಕ ಇದ್ದಳೆಂದು ಅಪ್ಪನಿಗೆ ತಿಳಿದದ್ದು ಅವತ್ತು. ಅವನು ಆ ಹೆಸರನ್ನು ನಿಧಾನವಾಗಿ, ಆಳವಾಗಿ ಕೊರೆದ. ಆಮೇಲೆ ಓಲೆಯನ್ನು ಅಕ್ಕನ ಕೈಗೆ ಕೊಟ್ಟು, "ಇದ್ಕೆ ಸವರವ್ವ ಎಣ್ಣೆ" ಎಂದ. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಕ್ಕ ಆಗ ಅತ್ತಳು.

ಮಕ್ಕಳೇ, ನಿಮಗೆ ಈಗ ಕಾಗದವಿದೆ, ಮಸಿಯಿದೆ. ತಪ್ಪಾದರೆ ಹರಿದೆಸೆದು ಇನ್ನೊಂದು ಹಾಳೆ ತೆಗೆದುಕೊಳ್ಳುತ್ತೀರಿ. ನಮ್ಮ ಓಲೆಗಳು ಅಟ್ಟದ ಪೆಟ್ಟಿಗೆಯಲ್ಲಿವೆ. ಅಪ್ಪನ ಸಾಲಿಗಿಂತ ಮೇಲೆ ಒಂದು ಹೆಣ್ಣಿನ ಹೆಸರಿದೆ, ಬೆರಳಾಡಿಸಿದರೆ ಸಿಗುತ್ತದೆ. ನಾನು ಹೇಳಿದ್ದರಲ್ಲಿ ಅನುಮಾನವಿದ್ದರೆ ದೇವಲಾಪುರಕ್ಕೆ ಹೋಗಿ ನಮ್ಮಕ್ಕನನ್ನು ಕೇಳಿ. ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ಆ ಮರದ ಕೆಳಗಿದ್ದವರಲ್ಲಿ ನನ್ನನ್ನು ಬಿಟ್ಟರೆ ಈಗ ಉಳಿದಿರುವವಳು ಅವಳೊಬ್ಬಳೇ.