ರಜಾ ಅರ್ಜಿಗೆ ನಾನು ಹಾಕಿದ ಸಹಿ

ನಾನು ಓದಿದ್ದು ಏಳನೇ ಕ್ಲಾಸು. ಅದನ್ನು ಯಾರ ಹತ್ತಿರವೂ ಮುಚ್ಚಿಟ್ಟಿಲ್ಲ. ಬಿಳಿಗೆರೆ ಸುತ್ತಮುತ್ತ ಕೊಬ್ಬರಿ ಒಡೆಯುವುದರಲ್ಲಿ ನನ್ನ ಸಮಕ್ಕೆ ನಿಲ್ಲುವವರು ಕಡಿಮೆ ಅಂತ ಬೇರೆಯವರೇ ಹೇಳುತ್ತಾರೆ, ನಾನು ಬೇಡ ಅನ್ನುವುದಿಲ್ಲ. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ಕಾಯಿಯನ್ನು ಕಿವಿಗೆ ಹಿಡಿದು ಒಂದು ಸಲ ಅಲ್ಲಾಡಿಸಿದರೆ ನನಗೆ ಸಾಕು. ಒಳಗೆ ಗುಡುಗುಡು ಅಂದರೆ ಗಿಟುಕು, ಅಂದರೆ ಒಣಗಿದ ಕೊಬ್ಬರಿಯ ಇಡೀ ಗುಂಡು, ಕರಟ ಬಿಟ್ಟಿದೆ, ಒಡೆಯಬಹುದು. ನೀರಿನ ಸದ್ದು ಬಂದರೆ ಮತ್ತೆ ಅಟ್ಟಕ್ಕೆ. ಮೂವತ್ತು ವರ್ಷದಿಂದ ಹೀಗೆ ಕಿವಿಯಲ್ಲೇ ತೀರ್ಮಾನ ಮಾಡಿಕೊಂಡು ಬಂದೆ. ಮಗಳ ವಿಷಯದಲ್ಲೂ ಅದನ್ನೇ ಮಾಡಿದೆ.

ನಮಗೆ ಅವಳೊಬ್ಬಳೇ. ಡಿಗ್ರಿ ಮುಗಿಸಿ ಇಂಗ್ಲಿಷ್ ಎಂಎ ಓದುತ್ತೀನಿ ಅಂದಾಗ ನಾನು ಎರಡನೇ ಮಾತು ಆಡಲಿಲ್ಲ. ಯೂನಿವರ್ಸಿಟಿಗೆ ಸೇರಿಸಿ, ಅಲ್ಲೇ ಹಾಸ್ಟೆಲಿಗೆ ಬಿಟ್ಟು ಬಂದೆ. ಇಂಗ್ಲಿಷ್ ಎಂಎ ಅಂದರೆ ನಾನು ತಿಳಿದುಕೊಂಡಿದ್ದು ಇಷ್ಟೇ: ಆ ಭಾಷೆಯನ್ನು ಕೊನೆತನಕ ಕಲಿಯುವುದು. ಅದು ಬಂದರೆ ಎಲ್ಲಿಯವರ ಹತ್ತಿರ ಬೇಕಾದರೂ ಮಾತಾಡಬಹುದು. ಟೀ ಅಂಗಡಿಯಲ್ಲಿ, ಸಲೂನಿನಲ್ಲಿ, ಯಾರು ಕೇಳಲಿ ಬಿಡಲಿ, ಇದನ್ನೇ ಹೇಳಿಕೊಂಡು ಓಡಾಡಿದೆ.

ಎರಡನೇ ವರ್ಷದಲ್ಲಿ ನಾಲ್ಕು ದಿನದ ರಜೆಗೆ ಊರಿಗೆ ಬಂದಿದ್ದಳು. ಅದೇ ಹೊತ್ತಿಗೆ ಉತ್ತರದ ಕಡೆಯ ಒಬ್ಬ ವ್ಯಾಪಾರಿ ಮಾಲು ನೋಡಲು ನೇರ ನಮ್ಮ ಅಂಗಳಕ್ಕೇ ಬಂದ. ಅವನ ಜೊತೆ ಬರಬೇಕಿದ್ದ ದಲ್ಲಾಳಿ ಬಂದಿರಲಿಲ್ಲ. ಅಂಗಳದಲ್ಲಿ ಏಳೆಂಟು ಜನ ಇದ್ದೆವು, ಅವನ ಮಾತು ಒಬ್ಬರಿಗೂ ಗೊತ್ತಿಲ್ಲ. ನಾನು ಎದ್ದು ನಿಂತು ಹೇಳಿದೆ, "ತಡೀರಿ, ನನ್ ಮಗಳು ಎಂಎ ಓದ್ತಾವ್ಳೆ. ಕರೀತೀನಿ."

ಅವಳು ಕೈಯಲ್ಲಿ ಪುಸ್ತಕ ಹಿಡಿದುಕೊಂಡೇ ಹೊರಗೆ ಬಂದಳು. ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಅವನು ತಲೆ ಆಡಿಸಿ ಹಿಂದಿಯಲ್ಲಿ ಏನೋ ಅಂದ. ಇವಳು ಮತ್ತೊಂದು ಸಲ ನಿಧಾನವಾಗಿ ಕೇಳಿದಳು. ಅವನು ನಕ್ಕ. ಇವಳು ನನ್ನ ಕಡೆ ತಿರುಗಿ, "ಅಪ್ಪ, ಅವರಿಗೆ ಇಂಗ್ಲಿಷ್ ಬರಲ್ಲ. ನಂಗೆ ಹಿಂದಿ ಬರಲ್ಲ," ಅಂದಳು.

ಅಷ್ಟರಲ್ಲಿ ಲೋಡಿಗೆ ಬಂದಿದ್ದ ಲಾರಿ ಡ್ರೈವರ್ ಬೀಡಿ ಎಸೆದು ಬಂದು ಅವನ ಜೊತೆ ಹಿಂದಿಯಲ್ಲಿ ಮಾತಿಗೆ ನಿಂತ. ಐದು ನಿಮಿಷಕ್ಕೆ ಎಲ್ಲ ಮುಗಿಯಿತು.

"ಏನ್ಲಾ, ಎಂಎ ಅಂದೆ? ನಾಲ್ಕನೇ ಕ್ಲಾಸಿನ ಡ್ರೈವರ್ರೇ ವಾಸಿ ಆದ್ನಲ್ಲೋ!" ಅಂದ ನನ್ನ ಜೊತೆ ಒಡೆಯುವವನೊಬ್ಬ. ಎಲ್ಲರೂ ನಕ್ಕರು. ಕೆಟ್ಟ ನಗು ಅಲ್ಲ ಅದು. ದಿನಾ ನಾವು ಒಬ್ಬರನ್ನೊಬ್ಬರು ಹೀಗೇ ಕಾಲೆಳೆಯುತ್ತಿದ್ದೆವು. ಆದರೆ ನನಗೆ ಕಿವಿತನಕ ಬಿಸಿ ಹತ್ತಿತು. ಕೈಯಲ್ಲಿದ್ದ ಕಾಯಿಯನ್ನು ಅಲ್ಲಾಡಿಸಿ, ಅವಳು ಇನ್ನೂ ಅಲ್ಲೇ ನಿಂತಿರುವಾಗಲೇ ಹೇಳಿದೆ: "ಇನ್ನೂ ನೀರೇ ಐತೆ ಕಣ್ಲಾ. ಅಟ್ಟಕ್ಕೆ ಹಾಕ್ಬೇಕು."

ಈಗ ಮೊದಲಿಗಿಂತ ಜೋರಾಗಿ ನಕ್ಕರು. ನನ್ನ ಮೇಲಿದ್ದ ನಗುವನ್ನು ನಾನೇ ಎತ್ತಿ ಅವಳ ಮೇಲೆ ಹಾಕಿದ್ದೆ. ಅವಳು ಪುಸ್ತಕವನ್ನು ಎದೆಗೆ ಹಿಡಿದುಕೊಂಡು ಒಳಗೆ ಹೋದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ, "ಎರಡು ವರ್ಷ ಅಲ್ಲಿ ಏನ್ ಓದ್ತಿದೀಯ ನೀನು?"

"ಕತೆ, ಪದ್ಯ, ನಾಟಕ. ಅದನ್ನ ಹೆಂಗೆ ಬರೆದವ್ರೆ, ಯಾಕೆ ಬರೆದವ್ರೆ ಅಂತ."

"ಕತೆ ಓದಕ್ಕೆ ಯೂನಿವರ್ಸಿಟಿ ಬೇಕಾ?"

ಅವಳು ಮುದ್ದೆ ಮುರಿಯುತ್ತಾ ಕೂತಳು. ಅದಕ್ಕೆ ನನಗೆ ಇನ್ನೂ ಸಿಟ್ಟು ಬಂತು. "ಸಾಕು ಬುಡು. ಓದಿದ್ದು ಸಾಕು. ಮನೇಲಿರು," ಅಂದುಬಿಟ್ಟೆ.

ಅಳುತ್ತಾಳೆ, ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ. ಎರಡೂ ಇಲ್ಲ. ರಜೆ ಮುಗಿದರೂ ಹೋಗಲಿಲ್ಲ. ಬೆಳಗ್ಗೆ ಎದ್ದು ಅಂಗಳ ಗುಡಿಸಿ, ಗಿಟುಕುಗಳನ್ನು ಬಿಸಿಲಿಗೆ ಹರವಿ, ಸಂಜೆ ತುಂಬಿಡುತ್ತಿದ್ದಳು. ಪುಸ್ತಕ ಮುಟ್ಟುತ್ತಿರಲಿಲ್ಲ. ನನಗೆ ಎರಡನೇ ದಿನಕ್ಕೇ ಗೊತ್ತಾಗಿತ್ತು ತಪ್ಪು ಮಾಡಿದೆ ಅಂತ. ಆದರೆ ಆಡಿದ ಮಾತು ವಾಪಸ್ ತೆಗೆದುಕೊಂಡು ಅಭ್ಯಾಸವಿಲ್ಲ. ಹದಿಮೂರು ದಿನ ಹಾಗೇ ಕಳೆದೆ.

ಹದಿಮೂರನೇ ದಿನ ಅವಳ ಗೆಳತಿಯ ಫೋನು ಬಂತು. ಹಾಜರಿ ಸಾಲದಾಗಿದೆಯಂತೆ, ಹೀಗಾದರೆ ಪರೀಕ್ಷೆಗೆ ಹಾಲ್ ಟಿಕೆಟ್ ಕೊಡುವುದಿಲ್ಲವಂತೆ. ತಂದೆ ಸಹಿ ಮಾಡಿದ ಅರ್ಜಿ ತಂದು, ತಂದೆಯನ್ನೂ ಕರೆದುಕೊಂಡು ಬಂದರೆ ನೋಡಬಹುದಂತೆ. ನನ್ನ ಹೆಂಡತಿ ಒಲೆ ಮುಂದಿನಿಂದಲೇ ಅಂದಳು, "ನಿಮ್ ಮರ್ಯಾದೆ ಕಾದಿದ್ದು ಆಯ್ತಲ್ರೀ, ಇನ್ನು ಅವಳ ವರ್ಷ ಕಾಯ್ರಿ."

ಮಗಳು ಇಂಗ್ಲಿಷಿನಲ್ಲಿ ಅರ್ಜಿ ಬರೆದು ನನ್ನ ಮುಂದೆ ಇಟ್ಟಳು.

"ಏನ್ ಬರ್ದಿದೀಯ?"

"ರಜಾ ಕೇಳಿದೀನಿ ಅಪ್ಪ."

ಏನು ಕಾರಣ ಕೊಟ್ಟಿದ್ದೀಯ ಅಂತ ಕೇಳಬೇಕಿತ್ತು. ಕೇಳಿದರೆ ಓದಲು ಬರುವುದಿಲ್ಲ ಅಂತ ಒಪ್ಪಿಕೊಂಡ ಹಾಗೆ ಅಲ್ಲವೇ! ಓದಿ ನೋಡಿದವನ ಹಾಗೆ ಒಂದು ನಿಮಿಷ ಹಾಳೆ ದಿಟ್ಟಿಸಿ, ಕೆಳಗೆ ನೀಟಾಗಿ ಸಹಿ ಹಾಕಿದೆ.

ಮಾರನೇ ದಿನ ತಿಪಟೂರಿಗೆ ಹೋಗಿ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಅವಳು ಕಿಟಕಿ ಕಡೆ ನೋಡುತ್ತಿದ್ದಳು. ಇಂಗ್ಲಿಷ್ ವಿಭಾಗದ ಮುಖ್ಯಸ್ಥೆ ಒಬ್ಬರು ಮೇಡಂ, ನನ್ನ ವಯಸ್ಸಿನವರು. ನಮ್ಮನ್ನು ಕೂರಿಸಿ ಅರ್ಜಿ ಓದಿದರು. ಮುಖ ಮೆತ್ತಗಾಯಿತು.

"ಈಗ ಹೇಗಿದೀರಿ ಯಜಮಾನ್ರೇ? ಆಸ್ಪತ್ರೆಯಿಂದ ಯಾವತ್ತು ಬಂದ್ರಿ?"

ನನಗೆ ಆ ಕ್ಷಣ ಏನೂ ಹೊಳೆಯಲಿಲ್ಲ. ಹೊಳೆದಿದ್ದು ನನ್ನ ಹೆಮ್ಮೆ ಒಂದೇ. "ಆಸ್ಪತ್ರೆನಾ? ನಾನಾ? ಮೂವತ್ತು ವರ್ಷ ಆಯ್ತು ಮೇಡಂ, ಜ್ವರ ಅಂತ ಒಂದಿನ ಮಲಗಿದೋನಲ್ಲ ನಾನು," ಅಂದೆ. ಎದೆ ಉಬ್ಬಿಸಿಕೊಂಡೇ ಅಂದೆ.

ಪಕ್ಕದಲ್ಲಿ ಮಗಳು ತಲೆ ತಗ್ಗಿಸಿದಾಗ ಅರ್ಥವಾಯಿತು. ಅಪ್ಪನ ಮಾನ ಉಳಿಸಲು ಅವಳು ಅಪ್ಪನಿಗೆ ಕಾಯಿಲೆ ಬರೆದಿದ್ದಳು. ಆ ಸುಳ್ಳಿನ ಕೆಳಗೆ ನನ್ನದೇ ಸಹಿ ಇತ್ತು.

ಮೇಡಂ ಅರ್ಜಿಯನ್ನು ಮೇಜಿನ ಮೇಲೆ ಇಟ್ಟರು. ಮಗಳನ್ನೇ ನೋಡಿ, "ಕತೆ ಓದು ಅಂದ್ರೆ ಕತೆ ಕಟ್ಟೋದೂ ಕಲಿತಿದೀಯ ನೀನು. ಇದನ್ನ ನಾನು ಮೇಲಕ್ಕೆ ಕಳಿಸಿದ್ರೆ ಪರೀಕ್ಷೆ ಅಷ್ಟೇ ಅಲ್ಲ, ಸೀಟೇ ಹೋಗುತ್ತೆ, ಗೊತ್ತಾ?" ಅಂದರು.

"ತಪ್ಪಾಯ್ತು ಮೇಡಂ," ಅಂದಳು.

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕೈ ಎರಡನ್ನೂ ತೊಡೆ ಮೇಲೆ ಇಟ್ಟುಕೊಂಡು, ಬೈಸಿಕೊಳ್ಳುತ್ತಿರುವವಳು ಬೇರೆ ಯಾರದೋ ಮಗಳು ಅನ್ನುವ ಹಾಗೆ ಕೂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಈಗಲೂ ನನಗೆ ಬೇರೆಲ್ಲಕ್ಕಿಂತ ಆ ಹೊತ್ತೇ ಹೆಚ್ಚು ಚುಚ್ಚುತ್ತದೆ. ಮೇಡಂ "ಹೊರಗೆ ಹೋಗಿ" ಅಂದರು, ಅವಳು ಎದ್ದಳು. ಬಾಗಿಲ ತನಕ ಹೋದವನು ತಿರುಗಿ ನಿಂತೆ.

"ಅವಳದೇನೂ ತಪ್ಪಿಲ್ಲ ಮೇಡಂ. ನಾನೇ ಕಳಿಸಲಿಲ್ಲ."

"ಯಾಕೆ?"

ನಾನು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡೆ. ಮೇಡಂ ಒಂದು ಬಿಳಿ ಹಾಳೆ ಮುಂದಕ್ಕೆ ತಳ್ಳಿದರು. "ಹೇಳಕ್ಕಾಗದಿದ್ರೆ ಬರೆದುಕೊಡಿ. ಕನ್ನಡದಲ್ಲೇ ಬರೀರಿ. ನಿಜ ಬರೀರಿ."

ಹೊರಗೆ ಜಗಲಿಯ ಬೆಂಚಿನ ಮೇಲೆ ಕೂತೆ. ಮಗಳು ಪೆನ್ನು ಕೊಟ್ಟು ದೂರ ನಿಂತಳು. ಹುಡುಗ ಹುಡುಗಿಯರು ನಮ್ಮನ್ನು ದಾಟಿಕೊಂಡು ಓಡಾಡುತ್ತಿದ್ದರು. ನಾನು ಬರೆದೆ: ತೋಟದಲ್ಲಿ ಕೆಲಸ ಹೆಚ್ಚಿದ್ದ ಕಾರಣ ಮಗಳನ್ನು ಮನೆಯಲ್ಲಿ ಇರಿಸಿಕೊಂಡಿದ್ದೆ. ಬರೆದು ಅವಳ ಕೈಗೆ ಕೊಟ್ಟೆ.

ಓದಿದಳು. ಹಾಳೆ ವಾಪಸ್ ಕೊಟ್ಟಳು. "ಅಪ್ಪ, ಇದೂ ಸುಳ್ಳೇ ಅಲ್ವಾ?"

ಸಿಟ್ಟಿನ ದನಿಯಲ್ಲ. ಸಿಟ್ಟು ಮಾಡಿದ್ದರೆ ನಾನೂ ಸಿಟ್ಟು ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ.

ಹಾಳೆ ತಿರುಗಿಸಿ ಹಿಂಬದಿಯಲ್ಲಿ ಬರೆದೆ. ಎಷ್ಟೋ ವರ್ಷದ ಮೇಲೆ ನಾನು ನಾಲ್ಕು ಸಾಲು ಬರೆದದ್ದು ಅವತ್ತೇ: ನನ್ನ ಮಗಳು ಏನು ಓದುತ್ತಾಳೆ ಅಂತ ನಾನು ಕೇಳಿ ತಿಳಿದುಕೊಂಡಿರಲಿಲ್ಲ. ತಿಳಿಯದೆ ಜಂಬ ಕೊಚ್ಚಿದ್ದೆ. ನಾಲ್ಕು ಜನರ ಮುಂದೆ ನನಗೆ ಅವಮಾನ ಆಯಿತು, ಅದಕ್ಕೆ ಅವಳ ಓದು ನಿಲ್ಲಿಸಿದೆ. ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಕೆಳಗೆ ಸಹಿ ಹಾಕಿದೆ. ಈ ಸಹಿ ಸೊಟ್ಟಗೆ ಬಂತು.

ಅವಳು ಅದನ್ನು ಎರಡು ಸಲ ಓದಿ ಒಳಗೆ ತೆಗೆದುಕೊಂಡು ಹೋದಳು. ನನ್ನನ್ನು ಕರೆಯಲಿಲ್ಲ, ನಾನೂ ಏಳಲಿಲ್ಲ. ಹತ್ತು ನಿಮಿಷದ ಮೇಲೆ ಬಂದು, "ಪರೀಕ್ಷೆಗೆ ಕೂರಿಸ್ತಾರಂತೆ. ಇನ್ನು ಒಂದು ದಿನಾನೂ ತಪ್ಪಿಸಬಾರದಂತೆ," ಅಂದಳು.

"ಭಾನುವಾರ ಊರಿಗೆ ಬತ್ತೀಯ ಮಗಾ?"

"ಪರೀಕ್ಷೆ ಮುಗೀಲಿ, ನೋಡನ. ನೀನು ಹೊರಡಪ್ಪ, ಬಸ್ ಹೋಯ್ತದೆ."

ಎರಡು ಬಾಗಿಲು ಆಚೆಗೆ ಅವಳ ಕ್ಲಾಸು ನಡೆಯುತ್ತಿತ್ತು. ಮೇಷ್ಟ್ರನ್ನು ಕೇಳಿಕೊಂಡು ಒಳಗೆ ಹೋದಳು. ನಾನು ಹೊರಡದೆ ಆ ಬಾಗಿಲ ಹತ್ತಿರ ನಿಂತೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಸರಿದು ಜಾಗ ಬಿಟ್ಟು, ತನ್ನ ಪುಸ್ತಕವನ್ನು ಇಬ್ಬರ ಮಧ್ಯಕ್ಕೆ ಎಳೆದಿಟ್ಟಳು. ಮೇಷ್ಟ್ರು ಏನೋ ಓದುತ್ತಿದ್ದರು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಒಂದು ಕಡೆ ಅವರು ಓದುವುದನ್ನು ನಿಲ್ಲಿಸಿದಾಗ ಮಕ್ಕಳೆಲ್ಲ ಪುಸ್ತಕದ ಮೇಲೆ ಬಗ್ಗಿದರು, ನನ್ನ ಮಗಳೂ. ಆಮೇಲೆ ಅವರು ತಲೆ ಎತ್ತಿ ಬಾಗಿಲ ಕಡೆ ನೋಡಿದರು. ನಾನು ಗೋಡೆ ಮರೆಗೆ ಸರಿದು ಮೆಟ್ಟಿಲು ಇಳಿದೆ.