ಖಂಡೇಪೂಜೆಯ ಪಿಸ್ತೂಲು

ನನಗೊಂದು ಹುಚ್ಚಿದೆ. ಹಳೆಯ ಜರ್ಮನ್ ಸೇನೆಯ ಪಿಸ್ತೂಲುಗಳನ್ನು ನೋಡಿ ಅಸಲಿಯೋ ನಕಲಿಯೋ ಎಂದು ಹೇಳುವ ಹುಚ್ಚು. ವಾರವೆಲ್ಲ ಡೆಟ್ರಾಯ್ಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಯೊಂದರಲ್ಲಿ ಕಾರಿನ ಬಿಡಿಭಾಗಗಳ ಅಳತೆ ತಪಾಸಣೆ ಮಾಡುತ್ತೇನೆ. ರಜೆ ಬಂತೆಂದರೆ ಭೂತಗನ್ನಡಿ ಜೇಬಿಗಿಳಿಸಿ ಗನ್ ಶೋಗಳಿಗೆ ಹೊರಡುತ್ತೇನೆ. ಗುಂಡು ಹಾರಿಸುವುದರಲ್ಲಿ ನನಗೆ ಆಸಕ್ತಿಯಿಲ್ಲ. ಒಮ್ಮೆ ಹಾರಿಸಿ ಎರಡು ದಿನ ಕಿವಿ ಗುಂಯ್ ಎಂದಿದ್ದೇ ಸಾಕಾಯಿತು. "ಬೇರೆ ಗಂಡಸರು ಗಾಲ್ಫ್ ಆಡೋಕೆ ಹೋಗ್ತಾರೆ, ನಮ್ಮೆಜಮಾನ್ರು ತುಕ್ಕು ನೋಡೋಕೆ ಹೋಗ್ತಾರೆ" ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಹೇಳಲಿ ಬಿಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಮಹಾ ಮುಂಗೋಪಿ. ಹಳೆಯ ಪಿಸ್ತೂಲನ್ನು ಉಜ್ಜಿ ಹೊಳಪು ಬರಿಸುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಈ ವಸ್ತುಗಳ ಬೆಲೆಯಿರುವುದೇ ಕಾರ್ಖಾನೆಯಿಂದ ಬಂದ ಆ ಕಪ್ಪುನೀಲಿ ಬಣ್ಣದಲ್ಲಿ. ಅದು ಕೈ ತಾಗಿ ಸವೆದಿದ್ದರೆ ಚಿಂತೆಯಿಲ್ಲ, ಉಜ್ಜಿ ಕಿತ್ತಿದ್ದರೆ ಮುಗಿಯಿತು. ಹಾಗೆ ಉಜ್ಜಿದ ಗೆಳೆಯನೊಬ್ಬನ ಜೊತೆ ಒಂದು ಇಡೀ ಚಳಿಗಾಲ ಮಾತು ಬಿಟ್ಟಿದ್ದೆ.

ಷಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ನ ಆಂಟಿ ಫೋನ್ ಮಾಡಿದ್ದು ದಸರೆ ಮುಗಿದ ಮೇಲೆ. ಬಾಗಲಕೋಟೆ ಕಡೆಯವರು. ಅವರ ಯಜಮಾನರು ಡಾಕ್ಟರು, ತೀರಿಕೊಂಡು ವರ್ಷ ದಾಟಿತ್ತು. ನಾನು ಷಿಕಾಗೋದಲ್ಲಿ ಓದುತ್ತಿದ್ದಾಗ ಆ ಮನೆಯ ರೊಟ್ಟಿ ತಿಂದು ಬದುಕಿದವನು. ಅವರು ಕರೆದರೆ ಆಗುವುದಿಲ್ಲ ಎನ್ನುವ ಮಾತೇ ಇಲ್ಲ.

"ಅಂಕಲ್‌ದು ಆ ಪಿಸ್ತೂಲ್ ಐತಲ್ಲಪಾ, ಅದರದ್ದೊಂದು ದೊಡ್ಡ ತಲಿಬ್ಯಾನಿ ಆಗೇತಿ" ಎಂದರು.

ಆ ಪಿಸ್ತೂಲಿನ ಕಥೆ ಆ ಮನೆಯಲ್ಲಿ ಉಂಡವರಿಗೆಲ್ಲ ಗೊತ್ತು. ಎರಡನೇ ಮಹಾಯುದ್ಧದಲ್ಲಿ ಕಾದಾಡಿದ್ದ ಮುದುಕನೊಬ್ಬ ಅಂಕಲ್‌ರ ರೋಗಿ. ಶರಣಾದ ಜರ್ಮನ್ ಅಧಿಕಾರಿಯ ಸೊಂಟದಿಂದ ತಾನೇ ಬಿಚ್ಚಿಕೊಂಡದ್ದು ಎಂದು ಹೇಳಿ, ಕಾನೂನಿನಂತೆ ಕಾಗದಪತ್ರ ಮಾಡಿಸಿ, ಅದನ್ನು ಅಂಕಲ್‌ಗೆ ಕೊಟ್ಟಿದ್ದ. ಮನೆಯಲ್ಲಿಟ್ಟುಕೊಳ್ಳಲೂ ಆಗುತ್ತಿಲ್ಲ, ಎಸೆಯಲೂ ಆಗುತ್ತಿಲ್ಲ ಎಂದಿದ್ದನಂತೆ. ಈಗ ಆತನೂ ಇಲ್ಲ. ನಮ್ಮ ಡೆಟ್ರಾಯ್ಟ್ ಕಡೆಯೇ ಇರುವ ಆತನ ಮಗಳು ಆಂಟಿಯನ್ನು ಹುಡುಕಿ ಫೋನ್ ಮಾಡಿ, ಅಪ್ಪನ ನೆನಪಿಗೆ ಅದು ಬೇಕು ಎಂದು ಕೇಳಿದ್ದಳು. ಭಾನುವಾರ ನೋಡಲು ಬರುವವಳಿದ್ದಳು. ಅಷ್ಟರಲ್ಲಿ ಆಂಟಿಯ ಮಗ ಅದನ್ನೊಂದು ಅಂಗಡಿಯಲ್ಲಿ ತೋರಿಸಿದ್ದ. ಅಂಗಡಿಯವನು ತಿರುವಿ ಮುರುವಿ ನೋಡಿ, ಇದರಲ್ಲಿ ಸೇನೆಯ ಗುರುತುಗಳೇ ಇಲ್ಲ, ಯಾರೋ ಕೈಯಾಡಿಸಿದ್ದಾರೆ, ಇದು ಯುದ್ಧದ ಪಿಸ್ತೂಲೇ ಅಲ್ಲ ಎಂದುಬಿಟ್ಟಿದ್ದ.

"ಅಕಿಗೆ ಹ್ಯಾಂಗ ಹೇಳ್ಲಿ, ನಿಮ್ಮಪ್ಪ ಸುಳ್ಳ ಹೇಳಿದ್ದ ಅಂತ? ನೀ ಬಂದು ನೋಡು. ಖರೇ ಇದ್ರ ಕೊಡ್ತೀನಿ. ಸುಳ್ಳಂದ್ರ ಕಳದೈತಿ ಅಂತ ಹೇಳಿಬಿಡ್ತೀನಿ. ಸತ್ತ ಮನಷ್ಯಾನ ಹೆಸರು ನನ್ನ ಮನ್ಯಾಗ ಕೆಡಬಾರ್ದು."

ಭಾನುವಾರ ನಸುಕಿನಲ್ಲೇ ಹೊರಟೆ. ಸುಮಾರು ಮುನ್ನೂರು ಮೈಲಿಯ ದಾರಿ. ಪಶ್ಚಿಮಕ್ಕೆ ಹೋದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುವುದರಿಂದ ಆಂಟಿಯ ಮನೆಯಲ್ಲಿ ಬಿಸಿ ಉಪ್ಪಿಟ್ಟೇ ಸಿಕ್ಕಿತು. ತಿಂದು, ಕೈ ತೊಳೆದು, ಊಟದ ಮೇಜಿನ ಮೇಲೆ ಟವೆಲ್ ಹಾಸಿ, ಪಿಸ್ತೂಲು ತರಿಸಿದೆ. ಮೊದಲು ಗುಂಡಿನ ಮ್ಯಾಗಜಿನ್ ತೆಗೆದು ನಳಿಗೆ ಖಾಲಿಯಿದೆಯೇ ಎಂದು ನೋಡಿದೆ. ಆಮೇಲೆ ಬೆಳಕಿಗೆ ಹಿಡಿದೆ.

ಹಿಡಿದವನೇ ಹಲ್ಲು ಕಚ್ಚಿದೆ. ಬಣ್ಣವೆಲ್ಲ ಹೋಗಿ ಬಿಳಿಚಿಕೊಂಡಿತ್ತು. ಟ್ರಿಗರ್ ಮತ್ತು ಪಕ್ಕದ ಸಣ್ಣ ಕೀಲುಗಳು ಒಣಹುಲ್ಲಿನ ಬಣ್ಣದಲ್ಲಿರಬೇಕು, ಕಬ್ಬಿಣ ಕಾಸಿ ಬರಿಸಿದ ಬಣ್ಣ ಅದು. ಅವು ಸ್ಟೀಲ್ ಚಮಚದ ಹಾಗೆ ಹೊಳೆಯುತ್ತಿದ್ದವು. ಮರದ ಹಿಡಿಯ ಗೀರುಗಳಲ್ಲಿ ಕೆಂಪಗೆ ಏನೋ ಮೆತ್ತಿತ್ತು. ಉಗುರಿನಿಂದ ಕೆದಕಿದೆ. ಕುಂಕುಮ.

"ಇದಕ್ಕೆ ಪೂಜೆ ಮಾಡ್ತಿದ್ರಾ ಆಂಟಿ?"

"ಮತ್ತ? ಖಂಡೇಪೂಜಿಗೆ ಮನ್ಯಾಗಿನ ಆಯುಧಾ ಬಿಡಾಕ ಬರ್ತೈತೇನು? ಅಂಕಲ್‌ದು ಸ್ಟೆತಸ್ಕೋಪು, ಕಾರು, ನನ್ನ ಹೊಲಿಗಿ ಮಷೀನು, ಸ್ನೋ ತಗಿಯೋ ಸಲಿಕಿ, ಎಲ್ಲಾ ಇಡ್ತಿದ್ನಿ. ವರ್ಷಾ ಹುಣಸಿಹಣ್ಣ ಹಚ್ಚಿ ತಿಕ್ಕಿ, ಡೆವನ್ ರೋಡಿನ ನಮ್ಮ ಮಂದಿ ಅಂಗಡ್ಯಾಗಿಂದ ತಂದ ಹೂವಾ ಏರಸ್ತಿದ್ನಿ."

ಹುಣಸೆಹಣ್ಣು! ಪಾಲಿಶ್ ಮಾಡುವವರನ್ನು ಕಂಡಿದ್ದೆ, ಪುಡಿ ಹಾಕಿ ತಿಕ್ಕಿದವರನ್ನೂ ಕಂಡಿದ್ದೆ. ಜರ್ಮನ್ ಪಿಸ್ತೂಲನ್ನು ದೇವರ ಮನೆಯ ತಂಬಿಗೆಯಂತೆ ಬೆಳಗಿದವರನ್ನು ಮಾತ್ರ ಇದೇ ಮೊದಲು ಕಂಡದ್ದು. ಎದುರಿಗೆ ಬೇರೆ ಯಾರಾದರೂ ಇದ್ದಿದ್ದರೆ ಹಾರಿಬೀಳುತ್ತಿದ್ದೆ. ಆದರೆ ಆಂಟಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದರು. ತಿಂದ ಉಪ್ಪಿಟ್ಟಿನ ಮೇಲೆ ಸಿಟ್ಟನ್ನೂ ನುಂಗಿಕೊಂಡೆ.

ಬಣ್ಣ ಹೋಗಿದ್ದರೆ ಬೆಲೆ ಹೋಯಿತು ಅಷ್ಟೆ, ಅಸಲಿತನ ಹೋಗುವುದಿಲ್ಲ. ಈ ಪಿಸ್ತೂಲಿನ ಪ್ರತಿ ಸಣ್ಣ ಭಾಗದ ಮೇಲೂ ನಂಬರಿನ ಕೊನೆಯ ಎರಡು ಅಂಕಿ ಒತ್ತಿರುತ್ತಾರೆ. ಒಂದೊಂದಾಗಿ ಬಿಚ್ಚಿ ಭೂತಗನ್ನಡಿ ಹಿಡಿದೆ. ಎಲ್ಲವೂ ತಾಳೆಯಾದವು, ಒಂದೂ ಬೇರೆ ಕಡೆಯಿಂದ ತಂದು ಜೋಡಿಸಿದ್ದಲ್ಲ. ಅಂಕಿಗಳ ಅಂಚು ಸವೆದು ನಯವಾಗಿತ್ತು. ಹೊಸದಾಗಿ ಒತ್ತಿದ್ದಲ್ಲ. ಆದರೆ ಬಲಗಡೆಗೆ ತಿರುಗಿಸಿದಾಗ ನನಗೂ ಗಾಬರಿಯಾಯಿತು. ನಾಜಿ ಕಾಲದ ಸೇನೆಯ ಪಿಸ್ತೂಲಾದರೆ ಅಲ್ಲಿ ಹದ್ದು, ಅದರ ಕಾಲಡಿ ಅವರ ಆ ಚಿಹ್ನೆ ಇರಬೇಕು. ಆ ಜಾಗವೆಲ್ಲ ತಗ್ಗಾಗಿತ್ತು. ಅಂಗಡಿಯವನು ಕಂಡದ್ದೂ ಅದನ್ನೇ.

ಓರೆ ಮಾಡಿ ಹಿಡಿದು ಬಹಳ ಹೊತ್ತು ನೋಡಿದೆ. ಮೋಸಗಾರರು ಇಲ್ಲದ ಗುರುತನ್ನು ಕೂರಿಸುತ್ತಾರೆ, ಅದರಲ್ಲೇ ಅವರಿಗೆ ಲಾಭ. ಇದ್ದ ಗುರುತನ್ನು ಅಳಿಸುವ ಮೋಸಗಾರನನ್ನು ನಾನು ಕಂಡಿಲ್ಲ. ನಳಿಗೆಯ ಬುಡದಲ್ಲಿ ಹದ್ದಿನ ಒಂದು ರೆಕ್ಕೆ ಮತ್ತು ಕೆಳಗೆ ಚಿಹ್ನೆಯ ಒಂದು ಮೂಲೆ ನೆರಳಿನಂತೆ ಉಳಿದಿತ್ತು.

"ಆಂಟಿ, ಈ ಜಾಗಾನ ಯಾರೋ ಬೇಕು ಅಂತಲೇ ತಿಕ್ಕಿದಾರೆ."

"ನಾನ ತಿಕ್ಕೀನಿ. ಅದು ನಮ್ಮ ಸ್ವಸ್ತಿಕ ಅಲ್ಲಂತ ನನಗ ಗೊತ್ತಿಲ್ಲೇನು? ಅದನ್ನ ಇಟಗೊಂಡು ಅವರು ಎಂಥಾ ಕೆಲಸಾ ಮಾಡ್ಯಾರ ಅಂತ ಅಂಕಲ್ ಹೇಳಿದ್ರು. ಆ ಹೊಲಸಿನ ಮ್ಯಾಲ ಹ್ಯಾಂಗ ಕುಂಕುಮಾ ಹಚ್ಚಲಿ? ಹುಣಸಿಹಣ್ಣಿಗೆ ಹೋಗಲಿಲ್ಲ. ಬೇಸ್‌ಮೆಂಟಿನ್ಯಾಗ ಸ್ಯಾಂಡ್ ಪೇಪರ್ ಇತ್ತು. ವರ್ಷಾ ಅಷ್ಟಷ್ಟು ತಿಕ್ಕಿ, ಆಮ್ಯಾಲ ಹೂವಾ ಇಡ್ತಿದ್ನಿ."

"ಅದೇ ಆಂಟಿ ಸೇನೆಯ ಗುರುತು. ಅಂಗಡಿಯವನು ಹುಡುಕಿದ್ದು ಅದನ್ನೇ."

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಸಣ್ಣದಾಯಿತು. ಪಿಸ್ತೂಲು ಅಸಲಿ, ಆ ಮುದುಕ ಹೇಳಿದ್ದರಲ್ಲಿ ಸುಳ್ಳು ಕಾಣಿಸುತ್ತಿಲ್ಲ ಎಂದೆ. ಸಂಗ್ರಹಕಾರರಿಗೆ ಮಾತ್ರ ಇದು ಇನ್ನು ಬೇಡವಾದ ವಸ್ತು ಎಂಬುದನ್ನೂ ಮುಚ್ಚಿಡಲಿಲ್ಲ. ಆಂಟಿ ಮೊದಲ ಮಾತಿಗೆ ಕೈ ಮುಗಿದರು, ಎರಡನೆಯದಕ್ಕೆ ಕಣ್ಣೀರು ಹಾಕಿದರು. "ಮಂದಿ ವಸ್ತು, ಕೆಡಸಿ ಇಟ್ಟೆನಲ್ಲೋ" ಎಂದರು. ನನಗೆ ನಿಜಕ್ಕೂ ಸಂಕಟವಾಯಿತು.

ಮುದುಕನ ಮಗಳು ಮಧ್ಯಾಹ್ನ ಬಂದಳು. ಆಕೆಗೂ ಎಪ್ಪತ್ತರ ಹತ್ತಿರ. ಬೇರೆ ರಾಜ್ಯದವರಿಗೆ ಲೈಸೆನ್ಸ್ ಇರುವ ಅಂಗಡಿಯ ಮೂಲಕವೇ ಕೊಡಬೇಕಾದ್ದರಿಂದ ಅಂದು ಒಯ್ಯುವಂತಿರಲಿಲ್ಲ, ನೋಡಿ ಹೋಗಲು ಬಂದಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಆಂಟಿ ತಮ್ಮ ಇಂಗ್ಲಿಷಿನಲ್ಲಿ ಎಲ್ಲ ಹೇಳಿಬಿಟ್ಟರು. ಹಬ್ಬ, ಹುಣಸೆಹಣ್ಣು, ಸ್ಯಾಂಡ್ ಪೇಪರ್, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಸಾರಿ ಎಂದರು.

ಆಕೆ ಹೆಬ್ಬೆರಳಿನಿಂದ ಆ ತಗ್ಗನ್ನು ಸವರುತ್ತ ಕುಳಿತಳು.

"ಅಪ್ಪ ಒಂದು ದಿನ ಗ್ಯಾರೇಜಿನಲ್ಲಿ ಅರ ಹಿಡಿದು ಇದನ್ನೇ ಅಳಿಸಲು ಕೂತಿದ್ದ" ಎಂದಳು. "ನಾನೇ ಅರ ಕಿತ್ತುಕೊಂಡೆ. ಗುರುತು ಹೋದರೆ ಬೆಲೆ ಹೋಗುತ್ತದೆ ಅಂತ ಎಲ್ಲೋ ಓದಿದ್ದೆ. ಅಪ್ಪ ಎದ್ದು ಒಳಗೆ ಹೋದ. ಆಮೇಲೆ ನೋಡಿದರೆ ಡಾಕ್ಟರಿಗೆ ಕೊಟ್ಟುಬಿಟ್ಟಿದ್ದ."

ಆಂಟಿ ಕುರ್ಚಿ ಎಳೆದುಕೊಂಡು ಹೋಗಿ ಆಕೆಯ ಪಕ್ಕ ಕುಳಿತರು. ಆಕೆ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, ಇಲ್ಲಿ ಇನ್ನೂ ಸ್ವಲ್ಪ ಉಳಿದಿದೆ ಎಂದಳು. ಆ ಸ್ಯಾಂಡ್ ಪೇಪರ್ ಇನ್ನೂ ಮನೆಯಲ್ಲಿದೆಯೇ ಎಂದು ಕೇಳಿದಳು.

ಎದ್ದು ಬೇಸ್‌ಮೆಂಟಿಗೆ ಹೋದವನು ನಾನೇ. ಸ್ಯಾಂಡ್ ಪೇಪರ್ ತಂದುಕೊಟ್ಟು, ನಂಬರಿಗೆ ಮಾತ್ರ ತಾಗಿಸಬೇಡಿ, ಅದು ಕಾನೂನಿಗೆ ಬೇಕು ಎಂದೆ. ಆಂಟಿ ಎರಡೂ ಕೈಯಿಂದ ಪಿಸ್ತೂಲನ್ನು ಟವೆಲ್ಲಿಗೆ ಅದುಮಿ ಹಿಡಿದರು. ಮಗಳು ತಿಕ್ಕತೊಡಗಿದಳು.