ಲೀಲಾ ಬರೆದ ಹನ್ನೊಂದು ಪ್ರಶ್ನೆಗಳು

ದಶಮಿಯ ದಿನ ಎಲ್ಲ ಸರಿಯಾಗಿತ್ತು. ಸರಿಯಾಗಿದೆ ಎಂದು ನಾವು ತಿಳಿದಿದ್ದೆವು.

ಕಡಬ ಪೇಟೆಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರು ನನ್ನ ಹೊಲಿಗೆ ಅಂಗಡಿ. ಅದರ ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ವಾಸ. ನಾನು, ನನ್ನ ತಾಯಿ, ಹೆಂಡತಿ ಲೀಲಾ, ಒಂದೂವರೆ ವರ್ಷದ ಮಗಳು ವಾರಿಜ. ಬಟ್ಟೆ ಕತ್ತರಿಸಿ ಹೊಲಿಯುವುದು ನನ್ನ ಕೆಲಸ. ಕಾಜ ತೆಗೆದು ಗುಂಡಿ ಹಾಕುವುದು ಲೀಲಾಳದು. ನಾನು ಐದನೆಯ ತರಗತಿಯವರೆಗೆ ಕಲಿತವನು, ಅವಳು ಎಂಟರವರೆಗೆ. ಅಂಗಡಿಯ ಅಳತೆ ಪುಸ್ತಕ ಬರೆಯುವುದೂ ಅವಳೇ.

ಆ ದಿನ ಮರ್ದಾಳದ ಒಂದು ಮದುವೆ ಮನೆಗೆ ಆರು ರವಿಕೆ ಮುಗಿಸಬೇಕಿತ್ತು. ಊಟ ತಡವಾಯಿತು. ಊಟವಾದ ಮೇಲೆ ಅಮ್ಮ ಎಲೆ ಅಡಿಕೆಯ ಹರಿವಾಣ ಎದುರಿಗೆ ತಂದಿಟ್ಟರು. ನಮ್ಮ ಕಡೆ ಅದಿಲ್ಲದೆ ಊಟ ಮುಗಿಯುವುದಿಲ್ಲ. ಲೀಲಾ ಎಲೆ ಹಾಕಿದಳು, ಸ್ವಲ್ಪ ಕೆಮ್ಮಿದಳು, ಹಿಂಬಾಗಿಲಿಗೆ ಹೋಗಿ ಉಗುಳಿ ಬಂದಳು.

"ಸುಣ್ಣ ಹೆಚ್ಚಾಗಿದೆ ನಿನಗೆ. ಅದಕ್ಕೇ ಕೆಮ್ಮು ಬರುದು," ಎಂದರು ಅಮ್ಮ.

"ಸುಣ್ಣ ಹಚ್ಚಿ ಕೊಟ್ಟದ್ದು ನೀವೇ ಅಲ್ವಾ ಅತ್ತೆ?"

"ನನ್ನ ಕೈಯ ಸುಣ್ಣಕ್ಕೆ ಕೆಮ್ಮಿದವರು ಈ ಮನೆಯಲ್ಲಿ ಯಾರೂ ಇಲ್ಲ."

ಮೂವರೂ ನಕ್ಕೆವು. ಅಜ್ಜಿಯ ಬಾಯಿಂದ ಜಗಿದ ಅಡಿಕೆಯ ಚೂರು ಬೇಕೆಂದು ವಾರಿಜ ಕೈ ಚಾಚುತ್ತಿದ್ದಳು. ಲೀಲಾ ಅವಳನ್ನು ಸೊಂಟಕ್ಕೆ ಏರಿಸಿಕೊಂಡು ಒಳಗೆ ಹೋದಳು.

ಮರುದಿನ ಏಕಾದಶಿ. ಅತ್ತೆ ಸೊಸೆ ಇಬ್ಬರಿಗೂ ಉಪವಾಸ. ಉಪವಾಸದ ದಿನ ಎಲೆ ಹಾಕುವ ಕ್ರಮ ಇಲ್ಲ. ಹರಿವಾಣ ಕಪಾಟಿನ ಮೇಲೆಯೇ ಇತ್ತು. ಮಧ್ಯಾಹ್ನ ಲೀಲಾ ಕೆಮ್ಮುತ್ತ ಹಿಂಬಾಗಿಲಿಗೆ ಹೋದಳು. ತಿರುಗಿ ಬರಲಿಲ್ಲ. ನಾನು ಮಿಷನ್ ನಿಲ್ಲಿಸಿದೆ.

"ಒಮ್ಮೆ ಇಲ್ಲಿ ಬನ್ನಿ," ಎಂದಳು.

ಅಂಗಳದ ಮಣ್ಣಿನ ಮೇಲೆ ಕೆಂಪು ಬಿದ್ದಿತ್ತು.

ನಮ್ಮ ಹಿಂಬಾಗಿಲಿನ ಮಣ್ಣು ಕೆಂಪಾಗದ ದಿನವೇ ಇರಲಿಲ್ಲ. ಅದಕ್ಕೇ ನಾವು ಯಾರೂ ನೋಡಿರಲಿಲ್ಲ. ಆ ಕೆಮ್ಮು ಎಷ್ಟು ತಿಂಗಳಿನದು, ಎಲೆಯ ಕೆಂಪಿನೊಳಗೆ ರಕ್ತದ ಕೆಂಪು ಸೇರಲು ಶುರುವಾದದ್ದು ಯಾವಾಗ, ಇಂದಿಗೂ ನನಗೆ ಗೊತ್ತಿಲ್ಲ. ಡಾಕ್ಟರರಿಗೂ ಹೇಳಲು ಆಗಲಿಲ್ಲ. ಒಂದು ಉಪವಾಸ ಇಲ್ಲದಿದ್ದರೆ ಇನ್ನೂ ಎಷ್ಟು ದಿನ ಅಮ್ಮ ಸುಣ್ಣವನ್ನೇ ಬೈಯುತ್ತಿದ್ದರೋ.

ಪೇಟೆಯ ಕಂಪೌಂಡರ್ ಉಷ್ಣ ಎಂದರು. ಒಂದು ಬಾಟಲಿ ನೀರುಮದ್ದು ಕೊಟ್ಟರು. ಎರಡು ವಾರ ಹೋಯಿತು. ಆಮೇಲೆ ಬಸ್ಸು ಹತ್ತಿ ಉಪ್ಪಿನಂಗಡಿ, ಅಲ್ಲಿಂದ ಪುತ್ತೂರು. ಪುತ್ತೂರಿನ ಡಾಕ್ಟರರು ಬೆನ್ನಿಗೆ ಬೆರಳು ಬಡಿದು ನೋಡಿ ಮಂಗಳೂರಿಗೆ ಎಕ್ಸ್‌ರೇಗೆ ಕಳಿಸಿದರು. ಕಫ ಪರೀಕ್ಷೆಗೂ ಬರೆದರು. ಎಲ್ಲ ಹಿಡಿದುಕೊಂಡು ಪುನಃ ಅವರ ಎದುರು ಕುಳಿತೆವು.

"ಟಿ.ಬಿ. ಎರಡೂ ಕಡೆ ಹಿಡಿದಿದೆ. ಬಲಗಡೆ ದೊಡ್ಡ ಗಾಯ ಉಂಟು," ಎಂದರು.

ಲೀಲಾ ತನ್ನ ವಿಷಯ ಏನೂ ಕೇಳಲಿಲ್ಲ.

"ಮನೆಯಲ್ಲಿ ಸಣ್ಣ ಮಗು ಉಂಟು," ಎಂದಳು.

"ದೂರ ಇಡಿ."

ಹೊರಗೆ ಸಾಲು ಉದ್ದವಿತ್ತು. ದೂರ ಎಂದರೆ ಎಷ್ಟು ದೂರ, ಎಷ್ಟು ದಿನ, ಹೇಗೆ ಎಂದು ಕೇಳುವ ಮೊದಲೇ ಬಾಗಿಲಿನವ ಮುಂದಿನ ಹೆಸರು ಕರೆದ.

ಮದ್ದು ಶುರುವಾಯಿತು. ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಮಾತ್ರೆ, ಪಿ.ಎ.ಎಸ್. ಎಂಬ ಪುಡಿ. ಇಂಜೆಕ್ಷನ್ ಹಾಕಲು ಕಂಪೌಂಡರ್ ಮನೆಗೆ ಬರುತ್ತಿದ್ದರು. ಪುಡಿ ತಿಂದರೆ ಅವಳಿಗೆ ಹೊಟ್ಟೆ ತೊಳಸಿ ವಾಂತಿ ಬರುತ್ತಿತ್ತು. ವಾಂತಿಯಾದರೆ ಸ್ವಲ್ಪ ಹೊತ್ತು ಕುಳಿತು ಪುನಃ ತಿನ್ನುತ್ತಿದ್ದಳು. ಆದರೆ ಮಗುವಿನ ವಿಷಯದಲ್ಲಿ ದಿನಕ್ಕೊಂದು ಮಾತು ಕೇಳಬೇಕಾಯಿತು. ಇದು ವಂಶದ ರೋಗ, ಬರುವುದಿದ್ದರೆ ಬಂದೇ ಬರುತ್ತದೆ, ದೂರ ಇಟ್ಟು ಪ್ರಯೋಜನವಿಲ್ಲ ಎಂದರು ಕಂಪೌಂಡರ್. ತಾಯಿಯ ಮೈಬಿಸಿ ಇಲ್ಲದ ಮಗು ಸೊರಗಿ ಹೋಗುತ್ತದೆ ಎಂದು ಅಮ್ಮ ಅತ್ತರು. ಜಾಲ್ಸೂರಿನಿಂದ ನೋಡಲು ಬಂದ ಲೀಲಾಳ ಚಿಕ್ಕಪ್ಪ ಅವಳನ್ನು ಆಡಿನ ಕೊಟ್ಟಿಗೆಯಲ್ಲಿ ಮಲಗಿಸಲು ಹೇಳಿದರು. ಆಡಿನ ವಾಸನೆಗೆ ಕ್ಷಯ ನಿಲ್ಲುವುದಿಲ್ಲವಂತೆ. ಬಟ್ಟಲು ಬೇರೆ ಇಟ್ಟರೆ ಸಾಕು, ಎತ್ತಿಕೊಳ್ಳಬಹುದು ಎಂದು ಇನ್ನೊಬ್ಬರು.

"ಇವರು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರ ಹಾಗೆ ಹೇಳುದು ಮಾತ್ರ," ಎಂದಳು ಲೀಲಾ. "ನನ್ನದು ಹೇಗೂ ಆಗಲಿ. ಇವಳಿಗೆ ಬರಬಾರದು. ಅದಕ್ಕೆ ಎಂತ ಮಾಡಬೇಕು ಅಂತ ಗೊತ್ತಿದ್ದವರು ಬರೆದು ಕೊಡಬೇಕು."

ಮರುದಿನ ಅಳತೆ ಪುಸ್ತಕದಿಂದ ಒಂದು ದೊಡ್ಡ ಹಾಳೆ ಹರಿದಳು. ನಡುವೆ ಗೆರೆ ಎಳೆದಳು. ಎಡಗಡೆ ಪ್ರಶ್ನೆ, ಬಲಗಡೆ ಖಾಲಿ. ಎರಡು ದಿನ ಕುಳಿತು ಹನ್ನೊಂದು ಪ್ರಶ್ನೆ ಬರೆದಳು. ಕೆಳಗೆ, ಉತ್ತರ ಕೊಟ್ಟವರ ಸಹಿ ಎಂದು ಬರೆದು ಜಾಗ ಬಿಟ್ಟಳು.

ನಾನು ಅದನ್ನು ಪುತ್ತೂರಿಗೆ ಒಯ್ದೆ. ಕೊಡಲು ನಾಚಿಕೆಯಾಯಿತು. ಡಾಕ್ಟರರು ಮೊದಲು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಇದೆಂತ, ನನಗೆ ಪರೀಕ್ಷೆಯಾ?"

"ನನ್ನ ಹೆಂಡತಿ ಬರೆದದ್ದು."

"ಸಹಿಯೂ ಬೇಕಂತಾ?"

"ಸಹಿ ಇಲ್ಲದಿದ್ದರೆ ನಂಬುದಿಲ್ಲ ಅಂದಿದ್ದಾಳೆ."

ಅವರು ಓದತೊಡಗಿದರು. ಆಮೇಲೆ ನನಗೆ ಹೊರಗೆ ಕಾಯಲು ಹೇಳಿದರು. ಮಧ್ಯಾಹ್ನದ ಸಾಲು ಮುಗಿದ ಮೇಲೆ ಕರೆದು ಹಾಳೆ ಕೊಟ್ಟರು. ಹನ್ನೊಂದಕ್ಕೂ ಉತ್ತರವಿತ್ತು. ವಂಶದಿಂದ ಬರುತ್ತದೆಯೇ? ಇಲ್ಲ, ಕೆಮ್ಮಿನಿಂದ ಬರುತ್ತದೆ. ಉಗುಳನ್ನು ಏನು ಮಾಡಬೇಕು? ಮುಚ್ಚಳದ ಡಬ್ಬಿಯಲ್ಲಿ ಹಿಡಿದು ಸುಡಬೇಕು. ಅಜ್ಜಿ ಜಗಿದದ್ದನ್ನು ಮಗುವಿಗೆ ಕೊಡಬಹುದೇ? ಕೊಡಬೇಡಿ. ಆಡಿನ ಕೊಟ್ಟಿಗೆ? ಪ್ರಯೋಜನ ಇಲ್ಲ, ನಿಮಗೂ ಇಲ್ಲ, ಆಡಿಗೂ ಇಲ್ಲ. ಮಗುವಿಗೆ ಈಗಾಗಲೇ ತಗಲಿದೆಯೇ? ತೋಳಿನಲ್ಲಿ ಒಂದು ಪರೀಕ್ಷೆ ಉಂಟು, ಬಿ.ಸಿ.ಜಿ. ತಂಡ ಆ ಕಡೆ ಬರುವಾಗ ತಿಳಿಸುತ್ತೇನೆ. ಮಗುವನ್ನು ಯಾವಾಗ ಎತ್ತಿಕೊಳ್ಳಬಹುದು? ಈಗ ಬೇಡ, ಕಫ ಪರೀಕ್ಷೆ ಮೂರು ಸಲ ಒಂದರ ಹಿಂದೊಂದು ಶುದ್ಧ ಬಂದ ಮೇಲೆ.

ಹನ್ನೊಂದನೆಯದು, ನಾನು ಗುಣವಾಗುತ್ತೇನೆಯೇ. ಅದಕ್ಕೆ ಅವರು ಬರೆದಿದ್ದರು: ಗೊತ್ತಿಲ್ಲ. ಮದ್ದು ಬಿಡಬೇಡಿ.

ಆ ಸಾಲನ್ನು ಅವಳಿಗೆ ಓದಿ ಹೇಳಲು ನನ್ನಿಂದ ಆಗಲಿಲ್ಲ. ಅವಳೇ ಕೈಯಿಂದ ತೆಗೆದುಕೊಂಡು ಓದಿದಳು.

"ಇವರನ್ನು ನಂಬಬಹುದು. ಗೊತ್ತಿಲ್ಲ ಅಂತ ಹೇಳಿದ ಮೊದಲ ಜನ ಇವರು."

ಅಂದಿನಿಂದ ಅವಳು ಹಾಳೆಯಲ್ಲಿದ್ದಂತೆ ನಡೆದಳು. ಹಿಂದಿನ ಕೋಣೆ ಅವಳದು, ಕಿಟಕಿ ಸದಾ ತೆರೆದಿತ್ತು. ವಾರಿಜ ಅಜ್ಜಿಯ ಜೊತೆ ಮುಂದಿನ ಕೋಣೆಯಲ್ಲಿ. ಅಂಗಳದ ಈ ಬದಿಯಲ್ಲಿ ತಾಯಿ, ಆ ಬದಿಯಲ್ಲಿ ಮಗಳು. ಲೀಲಾ ಅಲ್ಲಿಂದಲೇ ಹಾಡು ಹೇಳುವಳು, ಬಟ್ಟೆಯ ಬಣ್ಣಗಳ ಹೆಸರು ಕಲಿಸುವಳು. ಮಗು ಓಡಿ ಬಂದರೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಮೊದಮೊದಲು ಮಗು ಬಾಗಿಲು ಬಡಿದು ಅಳುತ್ತಿತ್ತು. ಒಂದು ಸಲ ನನ್ನ ಅಮ್ಮನಿಗೆ ತಡೆಯಲಾಗಲಿಲ್ಲ.

"ಒಮ್ಮೆ ಎತ್ತಿಕೋ ಮಗಾ. ಒಂದು ಸಲಕ್ಕೆ ಎಂತ ಆಗುದುಂಟು?"

"ಒಂದು ಸಲಕ್ಕೆ ಆಗುದಿಲ್ಲ ಅಂತ ಹಾಳೆಯಲ್ಲಿ ಉಂಟಾ ಅತ್ತೆ?"

ಬಾಗಿಲಿನ ಒಳಗಿನಿಂದ ಅಷ್ಟೇ ಕೇಳಿತು.

ಮಗು ಕ್ರಮೇಣ ಅಳುವುದನ್ನು ಬಿಟ್ಟಿತು. ಅದನ್ನು ನೋಡುವುದು ಅಳುವುದನ್ನು ಕೇಳುವುದಕ್ಕಿಂತ ಕಷ್ಟವಾಯಿತು. ಪೇಟೆಯಲ್ಲೂ ವಿಷಯ ಹರಡಿತ್ತು. ಎದುರಿನ ಹೋಟೆಲಿನ ನಾರಾಯಣಣ್ಣ ನನಗೆಂದು ಒಂದು ಬೇರೆ ಗ್ಲಾಸು ಇಟ್ಟರು. ಹೊಲಿಯಲು ಕೊಟ್ಟ ಬಟ್ಟೆಯನ್ನು ಕೆಲವರು ಹಾಗೆಯೇ ಹಿಂದಕ್ಕೆ ಒಯ್ದರು.

ಆದರೆ ಹಾಳೆಯ ಸುದ್ದಿಯೂ ಹರಡಿತು. ಮೊದಲು ಬಂದದ್ದು ಕೆಮ್ಮುವ ಗಂಡನಿದ್ದ ಒಬ್ಬ ಹೆಂಗಸು. ಹಿಂಬಾಗಿಲಿನಿಂದ ಬಂದು ಮೆಲ್ಲನೆ ಕೇಳಿದಳು. ಲೀಲಾ ದೂರದಲ್ಲಿ ಕುಳಿತು ಹೇಳಿದಳು: "ಎರಡು ದಿನ ಅವರಿಗೆ ಎಲೆ ಕೊಡಬೇಡಿ. ಆಮೇಲೆ ಉಗುಳಿ ನೋಡಲಿ. ಕೆಂಪು ಕಂಡರೆ ಆ ದಿನವೇ ಬಸ್ಸು ಹತ್ತಿ." ಮುಂದಿನ ಸಲ ಪುತ್ತೂರಿಗೆ ಹೋದಾಗ ಈ ಮಾತು ಸರಿಯೇ ಎಂದು ಡಾಕ್ಟರರನ್ನೇ ಕೇಳಿದಳು. ಅವರು ಪೆನ್ನು ಕೆಳಗಿಟ್ಟರು.

"ಇದು ನಾನು ಓದಿದ ಪುಸ್ತಕದಲ್ಲಿ ಇಲ್ಲ. ಇರಬೇಕಿತ್ತು. ಕೆಂಪು ಕಾಣದಿದ್ದರೂ ಕೆಮ್ಮು ನಿಲ್ಲದಿದ್ದರೆ ಬರಲಿ. ಅದನ್ನೂ ಸೇರಿಸಿ."

ಅವಳು ಎರಡನ್ನೂ ಹಾಳೆಯ ಕೆಳಗೆ ಸೇರಿಸಿದಳು. ಕೇಳಿದವರಿಗೆ ಕೊಡಲು ನಾನು ಕಾರ್ಬನ್ ಇಟ್ಟು ಪ್ರತಿ ಮಾಡಿದೆ. ಪ್ರತಿಯ ಕೆಳಗೆ ಡಾಕ್ಟರರ ಸಹಿ ಬೇಕೆಂದು ಅವಳು ಬಿಡಲಿಲ್ಲ. ಪ್ರತಿ ಸಲವೂ ಒಂದು ಕಟ್ಟು ಹಿಡಿದುಕೊಂಡು ಹೋಗುತ್ತಿದ್ದೆ. ಅವರೂ ಗೊಣಗುತ್ತ ಸಹಿ ಹಾಕುತ್ತಿದ್ದರು.

ವಾರಿಜಳಿಗೆ ಮೂರು ತುಂಬುವ ಹೊತ್ತಿಗೆ ಬಿ.ಸಿ.ಜಿ. ತಂಡ ಕಡಬದ ಶಾಲೆಗೆ ಬಂತು. ಒಂದು ವಾರ ಇಲ್ಲೇ ಇದ್ದು ಸುತ್ತಲಿನವರಿಗೆಲ್ಲ ಹಾಕುವುದೆಂದಿತ್ತು. ಮೊದಲು ತೋಳಿಗೆ ಪರೀಕ್ಷೆಯ ಸೂಜಿ. ಮೂರನೆಯ ದಿನ ಅಲ್ಲಿ ಗಟ್ಟಿಯಾಗಿ ಬಾತರೆ ರೋಗಾಣು ಒಳಗೆ ಹೊಕ್ಕಿದೆ ಎಂದು ಅರ್ಥ. ಬಾತಿಲ್ಲದವರಿಗೆ ಮಾತ್ರ ಬಿ.ಸಿ.ಜಿ. ಇಷ್ಟೇ. ಆದರೆ ತಂಡದ ಜೀಪಿಗಿಂತ ಮೊದಲು ಸುದ್ದಿ ಬಂದಿತ್ತು. ಆ ಸೂಜಿ ಚುಚ್ಚಿದ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ. ಸೂಜಿಯಿಂದಲೇ ಕ್ಷಯ ಬರುವುದಂತೆ. ಶಾಲೆಯ ಅಂಗಳದಲ್ಲಿ ಜನ ತುಂಬಿದ್ದರು, ಮೇಜಿನ ಹತ್ತಿರ ಯಾರೂ ಇರಲಿಲ್ಲ.

ಲೀಲಾ ಅಲ್ಲಿಗೆ ಬರುತ್ತೇನೆಂದಳು. ವಾರಿಜಳ ಪರೀಕ್ಷೆ ಎಲ್ಲರ ಎದುರೇ ಆಗಲಿ ಎಂದಳು.

"ಬೇಡ," ಎಂದೆ. "ಬಾತರೆ ಊರಿಗೆಲ್ಲ ಗೊತ್ತಾಗುದು."

"ಬಾತರೆ ನಮಗೆ ಗೊತ್ತಾಗುದು. ಅದಕ್ಕಲ್ವಾ ಇಷ್ಟು ದಿನ ಕಾದದ್ದು?"

ಅಂಗಳದ ಬದಿಯಲ್ಲಿ, ಬಿಸಿಲಿನಲ್ಲಿ, ಬಾಯಿಗೆ ಸೆರಗು ಮುಚ್ಚಿ ನಿಂತಳು. ಅಮ್ಮ ವಾರಿಜಳನ್ನು ಎತ್ತಿಕೊಂಡು ಮೇಜಿನ ಕಡೆ ನಡೆದರು. ನಾರಾಯಣಣ್ಣ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ನಿಮ್ಮ ಮನೆಗೆ ಬಂದ ರೋಗವನ್ನು ಊರಿಗೆಲ್ಲ ಚುಚ್ಚಿಸುದಾ ಮಾರಾಯ್ರೆ?"

ಲೀಲಾ ನಿಂತಲ್ಲಿಂದಲೇ ಹೇಳಿದಳು.

"ನಾರಾಯಣಣ್ಣ, ನನಗೆ ಟಿ.ಬಿ. ಉಂಟು."

ನಮ್ಮ ಪೇಟೆಯಲ್ಲಿ ಆ ಹೆಸರನ್ನು ತನ್ನದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

"ಈ ಸೂಜಿ ನನಗೆ ಯಾರೂ ಹಾಕಿರಲಿಲ್ಲ. ಆದರೂ ಬಂತು. ಈಗ ನನ್ನ ಮಗಳಿಗೆ ಹಾಕಿಸುದು. ಮೂರು ದಿನ ನೀವು ನೋಡಿ, ಆಮೇಲೆ ನಿಮ್ಮ ಮೊಮ್ಮಕ್ಕಳನ್ನು ತನ್ನಿ. ತರದಿದ್ದರೆ ಬಿಡಿ, ಆದರೆ ಕೇಳಿದ್ದನ್ನು ಗೊತ್ತಿದ್ದವರ ಹಾಗೆ ಹೇಳಬೇಡಿ."

ಅಷ್ಟು ಮಾತಾಡಿ ಅವಳಿಗೆ ಏದುಸಿರು ಬಂತು. ಗೋಡೆಗೆ ಒರಗಿ ನಿಂತಳು. ವಾರಿಜ ಸೂಜಿಗೆ ಅತ್ತಳು, ತಾಯಿಯ ಕಡೆ ನೋಡಿ ಸುಮ್ಮನಾದಳು. ಎರಡು ಮನೆಯವರು ಆ ದಿನವೇ ಮಕ್ಕಳ ತೋಳು ಚಾಚಿಸಿದರು.

ಆ ಮೂರು ದಿನ ನಾನು ಮಗುವಿನ ತೋಳನ್ನು ಮತ್ತೆ ಮತ್ತೆ ನೋಡಿದೆ. ಲೀಲಾ ಕೇಳಲಿಲ್ಲ. ನಾವು ದೂರ ಇಟ್ಟದ್ದು ಸಾಕಾಯಿತೇ, ಅಥವಾ ಆ ದಶಮಿಗಿಂತ ಮೊದಲೇ ಎಲ್ಲ ಮುಗಿದಿತ್ತೇ, ಅದು ಆ ತೋಳಿನಲ್ಲಿ ಕಾಣಬೇಕಿತ್ತು. ಮೂರನೆಯ ದಿನ ತಂಡದವರು ಮಗುವಿನ ತೋಳನ್ನು ಬೆಳಕಿಗೆ ತಿರುಗಿಸಿದರು. ಬೆರಳಿನಿಂದ ಸವರಿದರು. ಸಣ್ಣ ಸ್ಕೇಲು ಇಟ್ಟರು, ತೆಗೆದರು.

"ಏನೂ ಇಲ್ಲ. ಬಿ.ಸಿ.ಜಿ. ಹಾಕಬಹುದು."

ಅಂಗಳದ ಬದಿಯಲ್ಲಿ ನಿಂತಿದ್ದ ಲೀಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆ ಒಂದೇ ದಿನ.

ನಾರಾಯಣಣ್ಣ ಮರುದಿನ ಇಬ್ಬರು ಮೊಮ್ಮಕ್ಕಳನ್ನು ಹಿಡಿದುಕೊಂಡು ಬಂದರು. "ಎಂತ ನೋಡುದು? ಸಾಲಿನಲ್ಲಿ ನಿಲ್ಲುದು," ಎಂದು ತಮ್ಮ ಹಿಂದಿದ್ದವರನ್ನೇ ಗದರಿದರು. ತಂಡ ಹೋಗುವ ಹೊತ್ತಿಗೆ ಪೇಟೆಯಲ್ಲಿ ತೋಳು ಚಾಚದ ಮಕ್ಕಳು ಕೆಲವರೇ ಉಳಿದಿದ್ದರು. ಹೋಟೆಲಿನಲ್ಲಿ ನನ್ನ ಗ್ಲಾಸು ಉಳಿದ ಗ್ಲಾಸುಗಳ ಜೊತೆ ಸೇರಿತು.

ಲೀಲಾಳ ಕಫ ಒಂದು ಸಲ ಶುದ್ಧ ಬಂತು. ಎರಡನೆಯ ಸಲವೂ ಬಂತು. ಮೈ ಸ್ವಲ್ಪ ತುಂಬಿಕೊಂಡಿತ್ತು, ಪುನಃ ಕಾಜ ತೆಗೆಯಲು ಕುಳಿತಿದ್ದಳು. ಮೂರನೆಯ ಪರೀಕ್ಷೆಗೆ ಹೋಗಬೇಕಾದ ವಾರ, ದೀಪಾವಳಿ ಕಳೆದು ಕೆಲವು ದಿನಕ್ಕೆ, ಬೆಳಗ್ಗೆ ಹಲ್ಲುಜ್ಜುವಾಗ ಕೆಮ್ಮಿದಳು.

ರಕ್ತಕ್ಕೆ ಡಬ್ಬಿ ಸಾಲಲಿಲ್ಲ.

ಬಾಡಿಗೆ ಜೀಪು ಉಪ್ಪಿನಂಗಡಿ ಮುಟ್ಟುವ ಮೊದಲೇ ಎಲ್ಲ ಮುಗಿಯಿತು. ಹಳೆಯ ಗಾಯದೊಳಗೆ ರಕ್ತನಾಳ ಒಡೆದಿರಬೇಕು, ಇನ್ನೂ ಮೊದಲೇ ತಿಳಿದಿದ್ದರೆ ಗಾಯ ಅಷ್ಟು ದೊಡ್ಡದಾಗುತ್ತಿರಲಿಲ್ಲ ಎಂದರು ಡಾಕ್ಟರರು. ನನ್ನನ್ನು ಸಮಾಧಾನಪಡಿಸಲು ಬೇರೆ ಏನಾದರೂ ಹೇಳಬಹುದಿತ್ತು. ಅವರು ಹೇಳಲಿಲ್ಲ. ಲೀಲಾಳಿಗೂ ಅದೇ ಸರಿ ಎನಿಸುತ್ತಿತ್ತು.

ಈಗ ಒಂದು ವರ್ಷವಾಯಿತು. ಡಾಕ್ಟರರ ಕೋಣೆಯ ಹೊರಗೆ ಅಚ್ಚು ಹಾಕಿಸಿದ ಒಂದು ಹಾಳೆ ತೂಗುತ್ತಿದೆ. ಎರಡು ದಿನ ಎಲೆ ಬಿಟ್ಟು ಉಗುಳಿ ನೋಡಿ ಎಂಬುದು ಅದರ ಮೊದಲ ಸಾಲು. ಹೆಸರು ಹಾಕಲೇ ಎಂದು ಅವರು ಕೇಳಿದಾಗ ನಾನು ಬೇಡವೆಂದೆ. ಹೆಸರಿಲ್ಲದೆಯೇ ಅದು ಯಾರ ಮಾತೆಂದು ಕಡಬದವರಿಗೆ ಗೊತ್ತು. ಪುತ್ತೂರಿಗೆ ಹೋದಾಗಲೆಲ್ಲ ನಾನು ಆ ಸಾಲಿನ ಎದುರು ಸ್ವಲ್ಪ ನಿಂತು ಬರುತ್ತೇನೆ. ತಲೆ ಎತ್ತಿಯೇ ನಿಲ್ಲುತ್ತೇನೆ.

ವಾರಿಜ ಆರೋಗ್ಯವಾಗಿದ್ದಾಳೆ. ಬರುವ ವರ್ಷ ಶಾಲೆಗೆ ಸೇರಿಸಬೇಕು. ತಾಯಿಯ ಹಾಡುಗಳು ಅವಳಿಗೆ ನೆನಪಿವೆ, ಬಟ್ಟೆಯ ಬಣ್ಣಗಳೆಲ್ಲ ಗೊತ್ತು. ತಾಯಿ ಎತ್ತಿಕೊಂಡದ್ದು ಅವಳಿಗೆ ನೆನಪಿಲ್ಲ.